ಸೂತ್ರ, ಟೀಕೆ, ಉದಾಹರಣೆ: ಪ್ರಾಚೀನ ಕರ್ನಾಟಕದ ಗಣಿತಾಭ್ಯಾಸ ಗ್ರಂಥಗಳು

ಗಣಿತವನ್ನು ಬೋಧಿಸುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ, ವಿದ್ಯಾರ್ಥಿಯ ಕೈಗೆ ಯಾವ ಗ್ರಂಥವನ್ನು ಕೊಡಬೇಕು ಎಂಬುದು. ಸೂತ್ರಗಳು ಎಲ್ಲ ಗ್ರಂಥಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಕಾಣುವುದು ಅಭ್ಯಾಸಕ್ಕೆಂದು ಒದಗಿಸಿದ ಲೆಕ್ಕಗಳಲ್ಲಿ. ಪದವಿಪೂರ್ವ ತರಗತಿಯ ಅಭ್ಯಾಸ ಪುಸ್ತಕಗಳನ್ನು ಆರಿಸುವ ಇಂದಿನ ಅಧ್ಯಾಪಕರ ಈ ಚಿಂತೆಗೆ ಕರ್ನಾಟಕದಲ್ಲಿ ದೀರ್ಘ ಪರಂಪರೆಯಿದೆ.

ಕ್ರಿ.ಶ. 499ರ ಕಾಲಕ್ಕೆ ಸೇರುವ ‘ಆರ್ಯಭಟೀಯ’ದ ಗಣಿತಪಾದದಲ್ಲಿರುವುದು ಕೇವಲ 33 ಪದ್ಯಗಳು. ಅವುಗಳಲ್ಲಿ ಉದಾಹರಣೆಗಳಿಲ್ಲ. 629ರಲ್ಲಿ ಒಂದನೆಯ ಭಾಸ್ಕರನು ಬರೆದ ಭಾಷ್ಯವು ಆ ಸೂತ್ರಗಳಿಗೆ ಲೆಕ್ಕಗಳನ್ನು ಜೋಡಿಸಿಕೊಟ್ಟಿತು. ಬ್ರಹ್ಮಗುಪ್ತನಲ್ಲಿಯೂ ಗಣಿತವು ಜ್ಯೋತಿಷ ಸಿದ್ಧಾಂತದ ಅಂಗವಾಗಿಯೇ ಬರುತ್ತದೆ. ಗ್ರಹಗತಿಯನ್ನು ಅರಿಯಬಯಸದೆ ಬರಿಯ ಗಣಿತವನ್ನು ಕಲಿಯಬಯಸುವವನಿಗೆ ಇಂತಹ ಗ್ರಂಥಗಳು ಪೂರ್ಣವಾಗಿ ಒದಗುವಂತಿರಲಿಲ್ಲ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನಾಚಾರ್ಯರಾದ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವು ಈ ಕೊರತೆಯನ್ನು ತುಂಬಿತು. ಹೆಸರೇ ಸೂಚಿಸುವಂತೆ ಇದು ಆಯ್ಕೆಯ ಗ್ರಂಥ. ಪೂರ್ವಾಚಾರ್ಯರ ಜ್ಞಾನಸಾಗರದಿಂದ ಸಾರವನ್ನು ಆಯ್ದುಕೊಂಡಿರುವುದಾಗಿ ಆಚಾರ್ಯರೇ ವಿನಯದಿಂದ ಹೇಳಿಕೊಂಡಿದ್ದಾರೆ. ಜ್ಯೋತಿಷವನ್ನು ಬದಿಗಿಟ್ಟು, ಮೊದಲು ಪರಿಭಾಷೆಯನ್ನು ತಿಳಿಸಿ, ಬಳಿಕ ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ ಎಂಬ ಎಂಟು ವ್ಯವಹಾರಗಳನ್ನು ನಿರೂಪಿಸಿದ್ದಾರೆ. ಸುಲಭವಾದ ಗುಣಾಕಾರ, ಭಾಗಾಕಾರಗಳಿಂದ ಹೊರಟ ವಿದ್ಯಾರ್ಥಿಯು ಭಿನ್ನರಾಶಿಗಳನ್ನೂ ವರ್ಗಸಮೀಕರಣಗಳನ್ನೂ ದಾಟಿ, ಅಗೆತದ ಲೆಕ್ಕಕ್ಕೂ ನೆರಳಿನ ಅಳತೆಗೂ ಬಂದು ಮುಟ್ಟುತ್ತಾನೆ.

ಇಲ್ಲಿನ ಲೆಕ್ಕಗಳ ಆಯ್ಕೆ ಗಮನಾರ್ಹವಾದುದು. ಗುಣಾಕಾರದ ಅಭ್ಯಾಸದಲ್ಲಿ 27994681ನ್ನು 441ರಿಂದ ಗುಣಿಸಿದಾಗ 12345654321 ಎಂಬ ಸಂಖ್ಯೆ ದೊರೆಯುತ್ತದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಅಂಕಮಾಲೆಯು ಕಣ್ಣಿಗೆ ಸೊಗಸು. ಅದರ ಉಪಯೋಗ ಅದಕ್ಕಿಂತ ಹೆಚ್ಚಿನದು. ಗುಣಿಸುವಾಗ ಒಂದು ಅಂಕಿ ತಪ್ಪಿದರೂ ಮಾಲೆ ಕೆಡುತ್ತದೆ. ಉತ್ತರವು ಸರಿಯೋ ತಪ್ಪೋ ಎಂಬುದನ್ನು ಗುರುವಿನ ನೆರವಿಲ್ಲದೆ ವಿದ್ಯಾರ್ಥಿಯೇ ಕಂಡುಕೊಳ್ಳಬಲ್ಲನು. ದುಂಬಿ, ನವಿಲು, ಮಾವಿನಹಣ್ಣು, ಹರಿದ ಮುತ್ತಿನಹಾರ, ದಾರಿಯಲ್ಲಿ ಹಣದ ಚೀಲವನ್ನು ಕಂಡ ವ್ಯಾಪಾರಿಗಳು ಮೊದಲಾದ ಲೋಕವಸ್ತುಗಳು ಕಠಿಣ ಸಮೀಕರಣಗಳನ್ನು ಹೊತ್ತು ನಿಂತಿವೆ.

ಹಾಗೆಂದು ಈ ಗ್ರಂಥವು ದೋಷರಹಿತವಲ್ಲ. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸೂಕ್ಷ್ಮವಾಗಿ ಗ್ರಹಿಸಿದ ಆಚಾರ್ಯರೇ, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆ ಎಂದೂ ಹೇಳಿದ್ದಾರೆ. ಮೂರು ಶತಮಾನಗಳ ಬಳಿಕ, 1150ರಲ್ಲಿ, ಎರಡನೆಯ ಭಾಸ್ಕರನು ಅಂತಹ ರಾಶಿಯನ್ನು ‘ಖಹರ’ವೆಂದು ಬೇರೆಯಾಗಿಯೇ ಪರಿಗಣಿಸಿದನು. ಅತ್ಯುತ್ತಮವೆಂದು ಆರಿಸಿದ ಗ್ರಂಥವನ್ನೂ ಪರೀಕ್ಷಿಸುತ್ತಲೇ ಓದಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗ್ರಂಥವು ಸಂಸ್ಕೃತದಲ್ಲಿದ್ದುದು ಇನ್ನೊಂದು ತೊಡಕು. ಸಂಸ್ಕೃತವನ್ನರಿಯದ ಕಲಿಕೆಗಾರನ ಪಾಲಿಗೆ ಲೆಕ್ಕಕ್ಕಿಂತ ಮೊದಲು ಭಾಷೆಯೇ ಸಮಸ್ಯೆಯಾಗುತ್ತಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಕೃತಿಯನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತಗ್ರಂಥಗಳನ್ನು ರಚಿಸಿದನು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’, ‘ಲೀಲಾವತಿ’ ಮೊದಲಾದವು ಅವನ ಕೃತಿಗಳು. ಅವುಗಳಲ್ಲೊಂದರ ಹೆಸರು ‘ಜೈನಗಣಿತಸೂತ್ರಟೀಕೋದಾಹರಣ’. ನಿಯಮವನ್ನು ಹೇಳುವ ಸೂತ್ರ, ಅದನ್ನು ಬಿಡಿಸಿ ತಿಳಿಸುವ ಟೀಕೆ, ಕೈಯಾರೆ ಮಾಡಿ ಕಲಿಯುವುದಕ್ಕೆ ಉದಾಹರಣೆ. ಉತ್ತಮ ಅಭ್ಯಾಸ ಪುಸ್ತಕವೊಂದಕ್ಕೆ ಇರಬೇಕಾದ ಮೂರು ಅಂಗಗಳನ್ನೂ ಆ ಶೀರ್ಷಿಕೆಯೇ ಎಣಿಸಿಕೊಟ್ಟಿದೆ.

‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂದಿತು. ಆರಂಭದ ಭಾಗದಲ್ಲಿ ಮಾನ್ಯಖೇಟದ ಅರಸನನ್ನು ಸ್ತುತಿಸುವ ಗ್ರಂಥವನ್ನು ಕನ್ನಡದ ವಿದ್ಯಾರ್ಥಿಯು ಈಗ ತನ್ನ ನುಡಿಯಲ್ಲಿಯೇ ಓದಬಹುದು. ಆದರೆ ಇದನ್ನು ಪ್ರಾಚೀನ ವೈಭವದ ಸಾಕ್ಷಿಯೆಂದು ಕಪಾಟಿನಲ್ಲಿಟ್ಟರೆ ಆಚಾರ್ಯರ ಉದ್ದೇಶ ಈಡೇರದು. ಇಂದಿನ ಅಭ್ಯಾಸ ಪುಸ್ತಕವೊಂದನ್ನು ಆರಿಸುವಾಗಲೂ ಪುಟಗಳನ್ನೆಣಿಸುವ ಬದಲು, ಅದರ ಸೂತ್ರಕ್ಕೆ ಟೀಕೆಯಿದೆಯೇ, ಟೀಕೆಗೆ ತಕ್ಕ ಉದಾಹರಣೆಯಿದೆಯೇ, ವಿದ್ಯಾರ್ಥಿಯು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವ ದಾರಿಯಿದೆಯೇ ಎಂದು ಕೇಳುವುದು ಆ ಪರಂಪರೆಗೆ ಸಲ್ಲುವ ನಿಜವಾದ ಗೌರವ.