ಬಿಎಸ್ಸಿ ಗಣಿತ ಓದೋ ಮಕ್ಕಳಿಗೆ ಬೇಸಿಗೆ ಸಂಶೋಧನಾ ಅವಕಾಶ: ಎಲ್ಲೆಲ್ಲಿ, ಯಾವಾಗ, ಅರ್ಜಿ ಹೇಗೆ? ಇಲ್ಲಿದೆ ಮಾಹಿತಿ

ಗುಳೇದಗುಡ್ಡ: ಬಿಎಸ್ಸಿ ಪರೀಕ್ಷೆ ಮುಗಿದ ಮೇಲೆ ನಮ್ಮ ಕಡೆ ಮಕ್ಕಳು ಮಗ್ಗದ ಕೆಲಸಕ್ಕೆ ಕೈ ಹಚ್ಚತಾರ, ಅಂಗಡಿ ಗಲ್ಲಾದ ಮೇಲೆ ಕೂಡತಾರ, ಇಲ್ಲಾ ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರತಾರ. ಗಣಿತದಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗೆ ಇನ್ನೊಂದು ದಾರಿನೂ ಐತಿ. ದೇಶದ ದೊಡ್ಡ ಸಂಸ್ಥೆಗಳು ಬೇಸಿಗೆಯಲ್ಲಿ ಒಂದರಿಂದ ಎರಡು ತಿಂಗಳು ಪದವಿ ವಿದ್ಯಾರ್ಥಿಗಳನ್ನು ಕರೆಸಿ ಗಣಿತ ಕಲಿಸುತ್ತವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಮಕ್ಕಳು ಇದರಿಂದ ತಪ್ಪಿಸಿಕೊಳ್ಳಲು ದೊಡ್ಡ ಕಾರಣ ದಿನಾಂಕ. ರಜೆ ಇರೋದು ಮೇ ತಿಂಗಳಲ್ಲಿ, ಆದರೆ ಅರ್ಜಿ ಮುಗಿಯೋದು ಚಳಿಗಾಲದಲ್ಲೇ. ಏಪ್ರಿಲ್‌ನಲ್ಲಿ ವಿಚಾರಿಸಿದರೆ ಬಾಗಿಲು ಹಾಕಿರತದ.

ಗಣಿತದಲ್ಲಿ ಸಂಶೋಧನೆ ಅಂದ್ರ ಏನು?

ರಸಾಯನಶಾಸ್ತ್ರದಂತೆ ಇಲ್ಲಿ ಪ್ರಯೋಗಾಲಯ ಇಲ್ಲ. ಮಾರ್ಗದರ್ಶಕರು ಒಂದು ಪುಸ್ತಕ ಅಥವಾ ಪ್ರಬಂಧ ಕೊಡುತ್ತಾರೆ. ವಿದ್ಯಾರ್ಥಿ ಅದನ್ನು ಓದಿ, ಪ್ರತಿ ಸಾಧನೆಯನ್ನು ತಾನೇ ಬರೆದು, ಬೋರ್ಡಿನ ಮುಂದೆ ನಿಂತು ವಿವರಿಸಬೇಕು. ‘ಇದು ಯಾಕೆ ಹೀಗೆ?’ ಅಂತ ಕೇಳಿದರೆ ಉತ್ತರ ಕೊಡಬೇಕು. ಕೊನೆಗೆ ವರದಿ ಸಲ್ಲಿಸಬೇಕು. ಪದವಿ ಹಂತದಲ್ಲಿ ಹೊಸ ಪ್ರಮೇಯ ಕಂಡುಹಿಡಿಯಲೇಬೇಕು ಅಂತೇನಿಲ್ಲ. ಬಾಯಿಪಾಠ ಬಿಟ್ಟು ಸ್ವಂತ ವಿಚಾರ ಮಾಡುವ ರೂಢಿ ಬೀಳುವುದೇ ದೊಡ್ಡ ಲಾಭ.

ಪ್ರಮುಖ ಕಾರ್ಯಕ್ರಮಗಳು

1. ಎಂಟಿಟಿಎಸ್: ಗಣಿತ ತರಬೇತಿ ಮತ್ತು ಪ್ರತಿಭಾನ್ವೇಷಣೆ ಕಾರ್ಯಕ್ರಮ. ಪ್ರೊ. ಎಸ್. ಕುಮಾರೇಶನ್ 1993ರಲ್ಲಿ ಆರಂಭಿಸಿದ್ದು. ಬೆನ್ನಿಗೆ ನಿಂತದ್ದು ಅಣುಶಕ್ತಿ ಇಲಾಖೆಯ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ. ಸುಮಾರು ನಾಲ್ಕು ವಾರದ ಶಿಬಿರ. ಮೂರು ಹಂತ: ಬಿಎಸ್ಸಿ ಎರಡನೇ ವರ್ಷದವರಿಗೆ ‘ಓ’, ಮೂರನೇ ವರ್ಷದವರಿಗೆ ‘1’, ಎಂಎಸ್ಸಿ ಮೊದಲ ವರ್ಷದವರಿಗೆ ‘2’. ಆಯ್ಕೆಗೆ ಅಂಕಪಟ್ಟಿ ಮತ್ತು ಪ್ರಾಧ್ಯಾಪಕರ ಶಿಫಾರಸು ಪತ್ರ ಮುಖ್ಯ. ಇದು ನೇರ ಸಂಶೋಧನೆ ಅಲ್ಲ, ಅದಕ್ಕೆ ಬುನಾದಿ. ನಮ್ಮ ಕಡೆಯ ಕಾಲೇಜಿನಿಂದ ಮೊದಲ ಸಲ ಹೋಗುವವರು ಇಲ್ಲಿಂದ ಶುರು ಮಾಡುವುದು ಒಳ್ಳೇದು. ಕೆಲವು ಕಾಲೇಜುಗಳಲ್ಲಿ ವಾರದ ‘ಮಿನಿ ಎಂಟಿಟಿಎಸ್’ ಕೂಡ ನಡೆಯುತ್ತದೆ.

2. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್: ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುತ್ತದೆ. ಅವಧಿ ಎರಡು ತಿಂಗಳು. ಆಯ್ಕೆಯಾದವರಿಗೆ ಫೆಲೋಶಿಪ್ ಹಣ ಸಿಗುತ್ತದೆ. ಗಣಿತ ಪ್ರತ್ಯೇಕ ವಿಭಾಗ. ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ.

3. ಬೆಂಗಳೂರಿನ ಐಸಿಟಿಎಸ್: ಹೆಸರಘಟ್ಟದ ಹತ್ತಿರ ಇರುವ ಈ ಸಂಸ್ಥೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರ. ಎಸ್.ಎನ್. ಭಟ್ ಸ್ಮಾರಕ ಫೆಲೋಶಿಪ್ ಹೆಸರಿನಲ್ಲಿ ಬೇಸಿಗೆಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ಸ್ಪರ್ಧೆ ಜೋರು.

4. ಚೆನ್ನೈ: ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಮತ್ತು ಗಣಿತ ವಿಜ್ಞಾನ ಸಂಸ್ಥೆ, ಎರಡರಲ್ಲೂ ಬೇಸಿಗೆ ಕಾರ್ಯಕ್ರಮ ಇವೆ.

ಇದರ ಜೊತೆಗೆ ಮಾಧವ ಗಣಿತ ಸ್ಪರ್ಧೆಗೂ ಕೂಡಬಹುದು. ಇದು ಪದವಿ ವಿದ್ಯಾರ್ಥಿಗಳಿಗಾಗಿಯೇ ಇರುವ ಪರೀಕ್ಷೆ, ಸಾಮಾನ್ಯವಾಗಿ ಜನವರಿ ಹೊತ್ತಿಗೆ ನಡೆಯುತ್ತದೆ.

ಗೋಡೆಗೆ ಹಚ್ಚಿಡುವ ಕ್ಯಾಲೆಂಡರ್

ಆಗಸ್ಟ್–ಸೆಪ್ಟೆಂಬರ್: ಅಂಕಪಟ್ಟಿ ಸ್ಕ್ಯಾನ್ ಮಾಡಿಸಿ, ಹೆಸರಿನ ಸ್ಪೆಲ್ಲಿಂಗ್ ಆಧಾರ್‌ಗೆ ಹೊಂದುತ್ತಾ ನೋಡಿಕೊಳ್ಳಿ.
ಅಕ್ಟೋಬರ್: ಶಿಫಾರಸು ಪತ್ರಕ್ಕೆ ಗುರುಗಳನ್ನು ಕೇಳಿ. ಕೊನೇ ದಿನ ಕೇಳಬ್ಯಾಡ್ರಿ.
ನವೆಂಬರ್: ಅಕಾಡೆಮಿ ಫೆಲೋಶಿಪ್ ಅರ್ಜಿ.
ಡಿಸೆಂಬರ್–ಫೆಬ್ರವರಿ: ಎಂಟಿಟಿಎಸ್ ಮತ್ತು ಉಳಿದ ಸಂಸ್ಥೆಗಳ ಪ್ರಕಟಣೆ ನೋಡುತ್ತಿರಿ.

ದಿನಾಂಕ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗತಾವ. ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬದೆ ಆಯಾ ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ಖಾತ್ರಿ ಮಾಡಿಕೊಳ್ಳಿ.

ಅರ್ಜಿಯಲ್ಲಿ ಏನು ಬರೀಬೇಕು?

ಹೆಚ್ಚಿನವರು ಸೋಲುವುದು ‘ನಿಮ್ಮ ಆಸಕ್ತಿ ಬರೆಯಿರಿ’ ಅನ್ನುವ ಕಡೆ. ‘ಗಣಿತ ಅಂದರೆ ನನಗೆ ಬಾಲ್ಯದಿಂದ ಇಷ್ಟ’ ಅಂತ ಎಲ್ಲರೂ ಬರೀತಾರ. ಅದರ ಬದಲು ನೀವೇ ಮಾಡಿದ ಒಂದು ಸಣ್ಣ ಕೆಲಸ ತೋರಿಸಿ. ವಿಷಯ ಹುಡುಕಲು ದೂರ ಹೋಗಬೇಕಿಲ್ಲ. ಗುಳೇದಗುಡ್ಡದ ಖಣದ ಬುಟ್ಟಾ, ಇಳಕಲ್ಲ ಸೀರೆಯ ದಡಿ ತೆಗೆದುಕೊಳ್ಳಿ. ಪಟ್ಟಿಯಂತೆ ಒಂದೇ ದಿಕ್ಕಿನಲ್ಲಿ ಮರುಕಳಿಸುವ ವಿನ್ಯಾಸಗಳನ್ನು ಅವುಗಳ ಸಮಮಿತಿ ನೋಡಿ ವಿಂಗಡಿಸಿದರೆ ಒಟ್ಟು 7 ಬಗೆ ಮಾತ್ರ. ಬಟ್ಟೆ ತುಂಬ ಎರಡೂ ದಿಕ್ಕಿಗೆ ಹರಡಿದ ವಿನ್ಯಾಸಗಳು 17 ಬಗೆ. ಈ 17ರ ಲೆಕ್ಕವನ್ನು ರಷ್ಯಾದ ಫೆಡೊರೊವ್ 1891ರಲ್ಲಿ ಸಾಧಿಸಿ ತೋರಿಸಿದರು. ನಿಮ್ಮ ಓಣಿಯ ಮಗ್ಗಗಳಲ್ಲಿ ಈ 7 ಮತ್ತು 17ರ ಪೈಕಿ ಎಷ್ಟು ಬಗೆ ಸಿಗತಾವ? ಐಹೊಳೆಯ ಲಾಡಖಾನ್ ಗುಡಿಯ ಜಾಲಂದ್ರಗಳಲ್ಲಿ ಎಷ್ಟು? ಫೋಟೊ ತೆಗೆದು, ಬಗೆ ಗುರುತಿಸಿ, ಕಾರಣ ಸಹಿತ ನಾಲ್ಕು ಪುಟ ಬರೆದರೆ ಅದು ಒಳ್ಳೆಯ ಪ್ರಾಜೆಕ್ಟ್. ಗ್ರೂಪ್ ಥಿಯರಿ ಓದಿದ ವಿದ್ಯಾರ್ಥಿಗೆ ಇದು ಕೈಗೆಟಕುವ ಕೆಲಸ. ಆಯ್ಕೆ ಆಗದಿದ್ದರೂ ಕಲಿತದ್ದು ಉಳಿಯತದ.

ಪಾಲಕರು ಗಮನಿಸಬೇಕಾದದ್ದು

ಹೆಣ್ಣುಮಕ್ಕಳನ್ನು ತಿಂಗಳುಗಟ್ಟಲೆ ದೂರ ಕಳಿಸೋದು ಹೆಂಗ ಅನ್ನೋ ಚಿಂತೆ ಸಹಜ. ವಸತಿ ಎಲ್ಲಿ, ಜವಾಬ್ದಾರರು ಯಾರು ಅಂತ ಸಂಸ್ಥೆಗೆ ಇ-ಮೇಲ್ ಮಾಡಿ ಕೇಳಿ. ಪ್ರಯಾಣದ ಖರ್ಚು, ಊಟ, ವಸತಿ ಯಾರ ಲೆಕ್ಕ ಅನ್ನೋದನ್ನೂ ಆ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಿ. ಸೀಸನ್‌ನಲ್ಲಿ ಮನೆಯ ಒಂದು ಕೈ ಕಡಿಮೆ ಆಗತದ ಖರೆ. ಆದರೆ ಈ ಅನುಭವ ಮುಂದೆ ಐಐಟಿಗಳ ಎಂಎಸ್ಸಿ ಪ್ರವೇಶಕ್ಕೆ ನಡೆಯುವ ಜಾಮ್ ಪರೀಕ್ಷೆಗೆ ನೇರ ನೆರವಾಗುತ್ತದೆ. ಐಐಟಿ ಈಗ ಧಾರವಾಡದಲ್ಲೇ ಇದೆ.

ಮೋಸದ ಬಗ್ಗೆ ಎಚ್ಚರ

‘ರೊಕ್ಕ ಕಟ್ಟಿದರೆ ಮನೆಯಲ್ಲೇ ಕುಂತು ಸಂಶೋಧನಾ ಇಂಟರ್ನ್‌ಶಿಪ್ ಸರ್ಟಿಫಿಕೇಟ್’ ಅನ್ನುವ ಜಾಹೀರಾತು ಬಂದರೆ ದೂರ ಇರಿ. ದುಡ್ಡು ಕೊಟ್ಟು ತಂದ ಕಾಗದಕ್ಕೆ ಸಂದರ್ಶನದಲ್ಲಿ ಬೆಲೆ ಇಲ್ಲ. ಯಾರಿಗೂ ಒಟಿಪಿ ಹೇಳಬೇಡಿ.

ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿ ನಡೆಸುವವರಿಗೂ ಒಂದು ವಿನಂತಿ. ಸ್ಕಾಲರ್‌ಶಿಪ್, ಪರೀಕ್ಷಾ ಅರ್ಜಿಗಳ ಪಟ್ಟಿ ಹಚ್ಚುವ ಜಾಗದಲ್ಲೇ ಮೇಲಿನ ಕ್ಯಾಲೆಂಡರ್ ಒಂದು ಪ್ರತಿ ಹಚ್ಚಿರಿ. ಅರ್ಜಿ ತುಂಬುವಾಗ ಅಂಗಡಿಯ ಇ-ಮೇಲ್ ಹಾಕದೆ ವಿದ್ಯಾರ್ಥಿಯ ಸ್ವಂತ ಇ-ಮೇಲ್, ಮೊಬೈಲ್ ನಂಬರನ್ನೇ ಹಾಕಿರಿ. ಆಯ್ಕೆಯ ಸುದ್ದಿ ಬರೋದು ಅಲ್ಲಿಗೇ.