ಎಲೆಕೋಸಿನ ಕೀಟ ನಿಯಂತ್ರಣದಲ್ಲಿ ಪರತಂತ್ರ ಕಣಜಗಳು

ಪರತಂತ್ರ ಕಣಜಗಳು ಬೇರೆ ಕೀಟಗಳ ಮೊಟ್ಟೆ ಅಥವಾ ಕೀಡೆಗಳಲ್ಲಿ ಮೊಟ್ಟೆಯಿಟ್ಟು, ಅವುಗಳನ್ನೇ ತಿಂದು ಬೆಳೆಯುವ ಸಣ್ಣ ಕಣಜಗಳಾಗಿವೆ. ಹುಬ್ಬಳ್ಳಿ-ಧಾರವಾಡದಂತಹ ಬಯಲು ಪ್ರದೇಶದ ಎಲೆಕೋಸು ಬೆಳೆಯಲ್ಲಿ ಇವು ಮುಖ್ಯವಾಗಿ ವಜ್ರಬೆನ್ನಿನ ಪತಂಗದ (ಪ್ಲುಟೆಲ್ಲಾ ಕ್ಸೈಲೊಸ್ಟೆಲ್ಲಾ) ಹತೋಟಿಗೆ ನೆರವಾಗುತ್ತವೆ.

ಪೀಡೆಯ ಸ್ವರೂಪ

ಈ ಪತಂಗದ ಹಸಿರು ಕೀಡೆ ಎಲೆಯ ತಳಭಾಗವನ್ನು ಕೆರೆದು ತಿನ್ನುತ್ತದೆ. ಮುಟ್ಟಿದರೆ ಹಿಂದಕ್ಕೆ ನುಲಿಯುತ್ತ ನೂಲಿನಲ್ಲಿ ಜೋತುಬೀಳುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಮೂರು ವಾರಗಳಲ್ಲಿಯೇ ಒಂದು ತಲೆಮಾರು ಮುಗಿಯುವುದರಿಂದ ಕೀಟನಾಶಕ ನಿರೋಧಕತೆ ಬೇಗ ಬೆಳೆಯುತ್ತದೆ. ಡಿಡಿಟಿಗೆ ಇದು ನಿರೋಧಕತೆ ಪಡೆದ ವರದಿ 1953ರಲ್ಲಿಯೇ ಜಾವಾ ದ್ವೀಪದಿಂದ ಬಂದಿತ್ತು.

ಕಣಜಗಳ ಕಾರ್ಯವಿಧಾನ

ಕರ್ನಾಟಕದ ಬಯಲು ಸೀಮೆಯಲ್ಲಿ ಸಹಜವಾಗಿ ಕಂಡುಬರುವ ಕೊಟೇಶಿಯಾ ವೆಸ್ಟಾಲಿಸ್ (ಹಿಂದಿನ ಹೆಸರು ಕೊಟೇಶಿಯಾ ಪ್ಲುಟೆಲ್ಲೇ) ಎಳೆಯ ಕೀಡೆಯೊಳಗೆ ಮೊಟ್ಟೆಯಿಡುತ್ತದೆ. ಕಣಜದ ಮರಿ ಒಳಗಿನಿಂದ ತಿಂದು ಬೆಳೆದು, ಹೊರಬಂದು ಎಲೆಯ ಮೇಲೆ ಬಿಳಿ ಗೂಡು ಹೆಣೆಯುತ್ತದೆ, ಕೀಡೆ ಸಾಯುತ್ತದೆ. ಅಲ್ಲಿಯವರೆಗೂ ಕೀಡೆ ಎಲೆಯ ಮೇಲೆ ಓಡಾಡುತ್ತಲೇ ಇರುವುದರಿಂದ ಕಣಜ ಕೆಲಸ ಮಾಡುತ್ತಿಲ್ಲವೆಂದು ಭಾವಿಸಿ ಔಷಧಿ ಸಿಂಪಡಿಸಿದರೆ, ಒಳಗಿರುವ ಕಣಜದ ಮರಿಯೂ ಸಾಯುತ್ತದೆ. ಬಿಳಿ ಗೂಡುಗಳನ್ನು ಗುರುತಿಸಿ ಎಣಿಸುವುದು ಸಿಂಪಡಣೆಯ ನಿರ್ಧಾರಕ್ಕೆ ಉತ್ತಮ ಆಧಾರ.

ಟ್ರೈಕೊಗ್ರಾಮ ಕಣಜವು ಒಂದು ಮಿಲಿಮೀಟರಿಗಿಂತ ಚಿಕ್ಕದು. ಪತಂಗದ ಮೊಟ್ಟೆಯನ್ನೇ ನಾಶಮಾಡುತ್ತದೆ. ಅಕ್ಕಿ ಪತಂಗದ ಮೊಟ್ಟೆಗಳ ಮೇಲೆ ಇದನ್ನು ಬೆಳೆಸಿ, ಮೊಟ್ಟೆಗಳನ್ನು ಅಂಟಿಸಿದ ಟ್ರೈಕೊ ಕಾರ್ಡ್‌ಗಳ ರೂಪದಲ್ಲಿ ಹೊಲಕ್ಕೆ ಒದಗಿಸಲಾಗುತ್ತದೆ. ಇಂತಹ ಉಪಯುಕ್ತ ಕೀಟಗಳ ಅಧ್ಯಯನ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ ನಡೆಯುತ್ತದೆ.

ತಂಪು ಹವೆಯ ಡಯಾಡೆಗ್ಮಾ ಸೆಮಿಕ್ಲಾಸಮ್ ಕಣಜವನ್ನು ಇಂಡೋನೇಷ್ಯಾದ ಎತ್ತರದ ಪ್ರದೇಶಗಳಲ್ಲಿ 1950ರ ದಶಕದಲ್ಲಿ ಬಿಡಲಾಯಿತು. ರಾಸಾಯನಿಕ ಸಿಂಪಡಣೆ ಕಡಿಮೆಯಾದ ಮೇಲಷ್ಟೇ ಅದರ ಪೂರ್ಣ ಪರಿಣಾಮ ಕಂಡುಬಂದಿತು. ಧಾರವಾಡದಂತಹ ಬೆಚ್ಚನೆಯ ಬಯಲಿಗೆ ಕೊಟೇಶಿಯಾ ಹೆಚ್ಚು ಹೊಂದುತ್ತದೆ.

ಪೂರಕ ಕ್ರಮಗಳು

ಕಣಜವನ್ನು ಬಿಟ್ಟರಷ್ಟೇ ಸಾಲದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಎಲೆಕೋಸಿನ ಪ್ರತಿ 25 ಸಾಲುಗಳಿಗೆ ಸಾಸಿವೆಯನ್ನು ಬಲೆ ಬೆಳೆಯಾಗಿ ಬಿತ್ತುವ ಪದ್ಧತಿಯನ್ನು ರೂಪಿಸಿದೆ. ಮೊದಲ ಬಿತ್ತನೆ ನಾಟಿಗೆ 15 ದಿನ ಮೊದಲು, ಎರಡನೆಯದು ನಾಟಿಯಾದ 25 ದಿನಗಳ ನಂತರ. ಪತಂಗಗಳು ಸಾಸಿವೆಯತ್ತ ಆಕರ್ಷಿತವಾಗುತ್ತವೆ. ಅದರ ಹೂವಿನ ಮಕರಂದ ಕಣಜಗಳಿಗೂ ಆಹಾರ. ಸಿಂಪಡಣೆ ಅನಿವಾರ್ಯವಾದಲ್ಲಿ ಶೇ. 4ರ ಬೇವಿನ ಬೀಜದ ಕಷಾಯ ಅಥವಾ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಉತ್ಪನ್ನವು, ಎಲ್ಲ ಬಗೆಯ ಕೀಟಗಳನ್ನೂ ಕೊಲ್ಲುವ ಪೈರೆಥ್ರಾಯ್ಡ್‌ಗಳಿಗಿಂತ ಕಣಜಗಳಿಗೆ ಕಡಿಮೆ ಹಾನಿಕರ.