ಭದ್ರಾವತಿಯ ರಾತ್ರಿಪಾಳಿ, ನಿದ್ದೆ ಮತ್ತು ಖಿನ್ನತೆ

ಭದ್ರಾವತಿಯಲ್ಲಿ ರಾತ್ರಿಯಿಡೀ ದುಡಿದು ಹಗಲು ಮಲಗುವ ಬದುಕು ಕಬ್ಬಿಣದ ಕಾರ್ಖಾನೆಯೊಂದಿಗೆ ಬಂದಿತು. ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಈ ಊರಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿತ್ತು. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡುಗಳ ಇದ್ದಿಲನ್ನು ನಂಬಿ 1923ರಲ್ಲಿ ಬ್ಲಾಸ್ಟ್ ಫರ್ನೇಸ್ ಹೊತ್ತಿಕೊಂಡಿತು. ಸಂಜೆ ಆರಿಸಿ ಬೆಳಗ್ಗೆ ಮತ್ತೆ ಹೊತ್ತಿಸಲು ಬಾರದ ಒಲೆ ಅದು. ಆರಿದರೆ ಒಳಗಿನ ಲೋಹ ಹೆಪ್ಪುಗಟ್ಟುತ್ತದೆ. ಆದ್ದರಿಂದ ಕಾರ್ಮಿಕರು ಪಾಳಿಯ ಮೇಲೆ ದುಡಿಯಲೇಬೇಕಾಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳಿಗೂ ರಾತ್ರಿ ಬಿಡುವಿರಲಿಲ್ಲ.

ಅಲ್ಲಿಯವರೆಗೆ ಈ ಸೀಮೆಯ ರಾತ್ರಿದುಡಿಮೆ ಕಾಲಕಾಲಕ್ಕೆ ಬಂದು ಹೋಗುವಂಥದ್ದು. ಅಡಿಕೆ ಕೊಯ್ಲಿನಲ್ಲಿ ಸರಿರಾತ್ರಿಯವರೆಗೂ ಸುಲಿಯುತ್ತ ಕೂತವರು ಸುಗ್ಗಿ ಮುಗಿದ ಮೇಲೆ ಹಾಯಾಗಿ ಮಲಗುತ್ತಿದ್ದರು. ಪಾಳಿಯಲ್ಲಿ ಹಾಗಿಲ್ಲ. ಮಿದುಳಿನೊಳಗಿನ ಗಡಿಯಾರ ಹಗಲಿನ ಬೆಳಕಿಗೆ ಹೊಂದಿಕೊಂಡೇ ಇರುತ್ತದೆ. ಸರದಿ ಬದಲಾದಂತೆಲ್ಲ ಅದು ಹಿಂದೆ ಬೀಳುತ್ತದೆ. ಬೆಳಗ್ಗೆ ಕ್ವಾರ್ಟರ್ಸಿಗೆ ಮರಳಿದವರ ಹಗಲುನಿದ್ದೆ ಬೇಸಿಗೆಯ ಸೆಕೆ ಮತ್ತು ಬೀದಿಯ ಸದ್ದಿನ ನಡುವೆ ಮೊಟಕಾಗುತ್ತದೆ. ಪಾಳಿಗೆ ಹೋಗುವವರ ಹೊತ್ತಿಗೆ ಬುತ್ತಿ ಕಟ್ಟಲು ಎದ್ದ ಹೆಂಗಸರ ನಿದ್ದೆಯೂ ಅದರೊಂದಿಗೆ ಮುರಿಯಿತು. ಆ ನಷ್ಟವನ್ನು ಯಾವ ಹಾಜರಿಪುಸ್ತಕವೂ ಬರೆದಿಡಲಿಲ್ಲ.

ಹೀಗೆ ಕಳೆದುಹೋದ ನಿದ್ದೆ ಮನಸ್ಸನ್ನೂ ತಟ್ಟುತ್ತದೆ. ಆದರೆ ನಿದ್ದೆಗೇಡು ಖಿನ್ನತೆಯ ಒಂದು ಲಕ್ಷಣ ಮಾತ್ರ ಎಂದು ವೈದ್ಯಶಾಸ್ತ್ರ ಬಹುಕಾಲ ತಿಳಿದಿತ್ತು. ಖಿನ್ನತೆಯಲ್ಲಿ ನಿದ್ದೆ ಕೆಡುವ ರೀತಿಯೂ ವಿಶಿಷ್ಟ: ವಾಡಿಕೆಗಿಂತ ಎರಡು ಗಂಟೆ ಮೊದಲೇ ಎಚ್ಚರವಾಗುತ್ತದೆ, ಬೆಳಗಿನ ಹೊತ್ತು ಮನಸ್ಸು ಹೆಚ್ಚು ಭಾರವಾಗಿರುತ್ತದೆ, ಕೆಲವರಿಗೆ ಇದಕ್ಕೆ ತದ್ವಿರುದ್ಧವಾಗಿ ಅತಿನಿದ್ದೆ. 1989ರಲ್ಲಿ ಅಮೆರಿಕದ ಫೋರ್ಡ್ ಮತ್ತು ಕ್ಯಾಮೆರೊ ಪ್ರಕಟಿಸಿದ ಅಧ್ಯಯನ, ನಿದ್ದೆಗೇಡು ಬರೀ ಲಕ್ಷಣ ಎಂಬ ತಿಳಿವಳಿಕೆಯನ್ನು ಅಲುಗಿಸಿತು. ಸುಮಾರು 8,000 ಜನರನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಮಾತಾಡಿಸಿದಾಗ, ನಿದ್ರಾಹೀನತೆ ಹಾಗೆಯೇ ಉಳಿದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಂಡದ್ದು ಬಹಳ ಹೆಚ್ಚಾಗಿತ್ತು. ಖಿನ್ನತೆ ನಿದ್ದೆಯನ್ನು ಕೆಡಿಸುತ್ತದೆ. ಕೆಟ್ಟ ನಿದ್ದೆ ಖಿನ್ನತೆಗೆ ದಾರಿ ಮಾಡುತ್ತದೆ.

ಆದರೆ ನಿದ್ದೆ ಬರಿಸುವ ಮದ್ದೆಲ್ಲ ಖಿನ್ನತೆಗೆ ಮದ್ದಲ್ಲ ಎಂಬುದನ್ನು ಮಲೆನಾಡಿನ ಮೂಲಿಕೆಯೊಂದರ ಚರಿತ್ರೆ ತೋರಿಸುತ್ತದೆ. ಪಶ್ಚಿಮಘಟ್ಟದಲ್ಲಿ ಬೆಳೆಯುವ ಸರ್ಪಗಂಧವನ್ನು ನಾಟಿವೈದ್ಯರು ನಿದ್ದೆಗೂ ಹುಚ್ಚಿಗೂ ಕೊಡುತ್ತಿದ್ದರು. ಅದರ ಬೇರಿನಿಂದ 1952ರಲ್ಲಿ ರೆಸರ್ಪಿನ್ ಬೇರ್ಪಡಿಸಿ ರಕ್ತದೊತ್ತಡಕ್ಕೆ ಬಳಸಿದಾಗ, ಅದನ್ನು ನುಂಗಿದ ಕೆಲವರು ಖಿನ್ನತೆಗೆ ಬಿದ್ದ ವರದಿಗಳು ಬಂದವು. ಮನಸ್ಸನ್ನು ಶಾಂತಗೊಳಿಸುವ ಮದ್ದು ಮನಸ್ಸಿಗೆ ಚೈತನ್ಯ ಕೊಡುವ ಮದ್ದಾಗಬೇಕಿಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಭದ್ರಾವತಿಯೂ ಸೇರಿದ ಶಿವಮೊಗ್ಗ ಜಿಲ್ಲೆಯ ಜನ ಮಾನಸಿಕ ಕಾಯಿಲೆಗೆ ಬಹುಕಾಲ ಬೆಂಗಳೂರಿನ ಆಸ್ಪತ್ರೆಯ ಕಡೆ, ಅಂದರೆ 1974ರಿಂದ ನಿಮ್ಹಾನ್ಸ್ ಎಂಬ ಹೆಸರಿನಲ್ಲಿರುವ ಸಂಸ್ಥೆಯ ಕಡೆ ನೋಡಬೇಕಿತ್ತು. ಶಿವಮೊಗ್ಗದಲ್ಲೇ ಈ ಚಿಕಿತ್ಸೆಗೆ ನೆಲೆ ಕಟ್ಟಿಕೊಟ್ಟವರಲ್ಲಿ ಡಾ. ಅಶೋಕ್ ಪೈ ಮುಖ್ಯರು. ‘ಮಾನಸ’ ಸಂಸ್ಥೆಯ ಮೂಲಕವೂ ಕನ್ನಡದಲ್ಲಿ ಬರೆದ ಲೇಖನಗಳ ಮೂಲಕವೂ ಅವರು ಮನೋರೋಗದ ಮಾತನ್ನು ಮನೆಮನೆಗೆ ತಂದರು. ‘ಕಾಡಿನ ಬೆಂಕಿ’ಯಂಥ ಚಲನಚಿತ್ರದ ಹಿಂದೆಯೂ ಅವರಿದ್ದರು. 2016ರಲ್ಲಿ ಅವರು ತೀರಿಕೊಂಡರು. ಮನೋರೋಗದ ಬಗ್ಗೆ ಕನ್ನಡದಲ್ಲಿ ಬರೆದು ತಿಳಿಸಿದ ಅವರ ಸೇವೆ ಚಿಕಿತ್ಸೆಯಷ್ಟೇ ದೊಡ್ಡದು. ಏಕೆಂದರೆ ‘ಬೇಜಾರಾಗಿದೆ’ ಎನ್ನಲು ನಾಚುವವರು ‘ನಿದ್ದೆ ಬರಲ್ಲ’ ಎಂದು ವೈದ್ಯರ ಮುಂದೆ ಕೂರುತ್ತಾರೆ. ಆ ಮಾತಿಗೆ ಗುಳಿಗೆಯಷ್ಟನ್ನೇ ಬರೆದುಕೊಟ್ಟು ಕಳುಹಿಸಿದರೆ ಕಾಯಿಲೆ ಒಳಗೇ ಉಳಿಯುತ್ತದೆ.

ಪಾಳಿ ಕೆಡಿಸಿದ ನಿದ್ದೆ ಪಾಳಿ ನಿಂತ ಮಾತ್ರಕ್ಕೆ ಮರಳುವುದಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಆ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕೆಲಸ ಹೋದಾಗ ಸಂಬಳದ ಜೊತೆಗೆ ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತೂ ಕಳಚಿಹೋಗುತ್ತವೆ. ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಗಿರಣಿ ಊರಿನ ನಿರುದ್ಯೋಗಿಗಳ ಕುರಿತು ಮೇರಿ ಯಹೋಡಾ ಮತ್ತು ಸಂಗಡಿಗರು 1933ರಲ್ಲಿ ಪ್ರಕಟಿಸಿದ ಅಧ್ಯಯನ, ಕೈತುಂಬ ಸಮಯವಿದ್ದೂ ದಿನಕ್ಕೆ ಆಕಾರವೇ ಇಲ್ಲದೆ ಜನ ಮಂಕಾದದ್ದನ್ನು ದಾಖಲಿಸಿದೆ. ಒಂದೇ ಕಾರ್ಖಾನೆಯನ್ನು ನೆಚ್ಚಿದ ಊರುಗಳಿಗೆಲ್ಲ ಆ ಪುಸ್ತಕ ಅನ್ವಯಿಸುತ್ತದೆ.

ದೀರ್ಘಕಾಲದ ನಿದ್ರಾಹೀನತೆಗೆ ಇಂದು ಮೊದಲ ಚಿಕಿತ್ಸೆಯಾಗಿ ಸೂಚಿಸುವುದು ಗುಳಿಗೆಯನ್ನಲ್ಲ, ನಿದ್ದೆಯ ಅಭ್ಯಾಸವನ್ನೂ ಅದರ ಬಗೆಗಿನ ಆತಂಕವನ್ನೂ ತಿದ್ದುವ ಆಪ್ತಸಮಾಲೋಚನೆಯನ್ನು: ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗುವುದು ಅದರ ಮೊದಲ ಪಾಠಗಳು. ಖಿನ್ನತೆಯೂ ಇದ್ದರೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ವಾರಗಟ್ಟಲೆ ನಿದ್ದೆ ಕೆಟ್ಟು ಮನಸ್ಸು ಕುಗ್ಗಿದವರು ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.